ತಿರುಗುವ ದಂಡವೂ ಕ್ರಾಂತಿಕ ವೇಗವೂ

ಪಂಚಮಿಯ ಜೋಕಾಲಿಯನ್ನು ತೂಗುವವರಿಗೆ ಒಂದು ಸಂಗತಿಯು ಅನುಭವದಿಂದಲೇ ತಿಳಿದಿರುತ್ತದೆ. ಜೋಕಾಲಿಯು ಹಿಂದಕ್ಕೆ ಬಂದು ಮರಳುವ ಕ್ಷಣದಲ್ಲಿ ಪ್ರತಿಸಲವೂ ಮೆಲ್ಲನೆ ನೂಕಿದರೆ ಸಾಕು, ಅದು ಮೇಲೆ ಮೇಲೆ ಏರುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಬಲವಾಗಿ ನೂಕಿದರೂ ಏರದು. ಅಲ್ಪ ಬಲವು ತಕ್ಕ ಲಯದಲ್ಲಿ ಕೂಡುತ್ತ ಹೋಗಿ ದೊಡ್ಡ ಚಲನೆಯಾಗುವ ಈ ಕ್ರಿಯೆಗೆ ಅನುರಣನೆಯೆಂದು ಹೆಸರು. ಪಂಪು, ಟರ್ಬೈನು ಮೊದಲಾದ ಯಂತ್ರಗಳಲ್ಲಿ ತಿರುಗುವ ದಂಡವನ್ನು, ಎಂದರೆ ಷಾಫ್ಟನ್ನು, ಅಪಾಯಕ್ಕೀಡುಮಾಡುವುದೂ ಇದೇ ಆಗಿದೆ.

ಎಷ್ಟು ಎಚ್ಚರಿಕೆಯಿಂದ ಕಡೆದರೂ ದಂಡದ ಮೇಲಿನ ಚಕ್ರದ ಗುರುತ್ವಕೇಂದ್ರವು ತಿರುಗುವ ಅಕ್ಷದ ಮೇಲೆಯೇ ಬೀಳುವುದಿಲ್ಲ. ಕೂದಲೆಳೆಯಷ್ಟಾದರೂ ಅಂತರವು ಉಳಿಯುತ್ತದೆ. ತಿರುಗುವಾಗ ಈ ಅಂತರದಿಂದ ಹುಟ್ಟುವ ಕೇಂದ್ರಾಪಗಾಮಿ ಬಲವು ದಂಡವನ್ನು ಹೊರಕ್ಕೆ ಸೆಳೆಯುತ್ತದೆ. ದಂಡಕ್ಕಾದರೋ ಬಾಗಿ ಕಂಪಿಸುವ ತನ್ನದೇ ಆದ ಸಹಜ ಲಯವಿದೆ. ಸುತ್ತಿನ ವೇಗವು ಆ ಲಯದೊಡನೆ ಸರಿಹೊಂದಿತೆಂದರೆ ದಂಡದ ಬಾಗು ಬೆಳೆಯುತ್ತ ಹೋಗುತ್ತದೆ. ಬೇರಿಂಗುಗಳು ಕೆಡುತ್ತವೆ, ಚಕ್ರವು ಕವಚಕ್ಕೆ ಉಜ್ಜುತ್ತದೆ. ಕೊನೆಗೆ ದಂಡವೇ ಮುರಿದು ಬಳಿಯಲ್ಲಿದ್ದವರ ಪ್ರಾಣಕ್ಕೆ ಎರವಾಗಬಹುದು. ಈ ವೇಗವೇ ಕ್ರಾಂತಿಕ ವೇಗ.

ಇದನ್ನು ಅಳೆಯುವ ಸುಲಭೋಪಾಯವೊಂದುಂಟು. ಎರಡು ಬೇರಿಂಗುಗಳ ನಡುವಣ ಹಗುರವಾದ ದಂಡವು ಚಕ್ರದ ಭಾರದಿಂದ ೧ ಮಿಲಿಮೀಟರು ಜಗ್ಗಿದರೆ, ಅದರ ಕ್ರಾಂತಿಕ ವೇಗವು ನಿಮಿಷಕ್ಕೆ ಸುಮಾರು ೯೪೬ ಸುತ್ತು. ಜಗ್ಗು ಕಾಲು ಮಿಲಿಮೀಟರಾದರೆ ವೇಗವು ಇಮ್ಮಡಿಯಾಗುತ್ತದೆ. ಆದುದರಿಂದ ದಪ್ಪವೂ ಗಿಡ್ಡವೂ ಆದ ದಂಡಕ್ಕೆ ಕ್ರಾಂತಿಕ ವೇಗವು ಹೆಚ್ಚು. ಸಪೂರವೂ ನೀಳವೂ ಆದುದಕ್ಕೆ ಕಡಿಮೆ.

ಈ ವೇಗವನ್ನು ದಾಟಿ ದಂಡವು ಸ್ಥಿರವಾಗಿ ತಿರುಗಲಾರದೆಂದು ೧೮೬೯ರಲ್ಲಿ ಸ್ಕಾಟ್ಲೆಂಡಿನ ಪ್ರಖ್ಯಾತ ತಂತ್ರಜ್ಞ ರ್‍ಯಾಂಕಿನ್ ಲೆಕ್ಕಹಾಕಿ ಹೇಳಿದನು. ಆದರೆ ಹಾಲಿನಿಂದ ಕೆನೆಯನ್ನು ಬೇರ್ಪಡಿಸುವ ಯಂತ್ರದಿಂದ ಹೆಸರಾಗಿದ್ದ ಸ್ವೀಡನ್ನಿನ ಗುಸ್ತಾಫ್ ಡಿ ಲಾವಾಲ್, ೧೮೮೯ರ ಸುಮಾರಿಗೆ ತನ್ನ ಉಗಿ ಟರ್ಬೈನಿಗೆ ಬೇಕೆಂದೇ ಸಪೂರವಾದ, ಬಳುಕುವ ದಂಡವನ್ನು ಜೋಡಿಸಿದನು. ಅದು ಕ್ರಾಂತಿಕ ವೇಗವನ್ನು ಬೇಗನೆ ದಾಟಿ, ನಿಮಿಷಕ್ಕೆ ೩೦,೦೦೦ ಸುತ್ತಿನವರೆಗೂ ನೆಮ್ಮದಿಯಿಂದ ತಿರುಗಿತು!

ಇದು ಹೇಗೆ ಸಾಧ್ಯವಾಯಿತು? ಕ್ರಾಂತಿಕ ವೇಗಕ್ಕಿಂತ ಕೆಳಗೆ ಚಕ್ರದ ಭಾರವಾದ ಪಕ್ಕವು ಹೊರಮುಖವಾಗಿರುತ್ತದೆ. ದಾಟಿದ ಬಳಿಕ ಒಳಮುಖವಾಗುತ್ತದೆ. ವೇಗವು ಹೆಚ್ಚಿದಂತೆಲ್ಲ ಚಕ್ರವು ತನ್ನ ಗುರುತ್ವಕೇಂದ್ರದ ಸುತ್ತಲೇ ತಿರುಗತೊಡಗಿ ಕಂಪನವು ತಗ್ಗುತ್ತದೆ. ಇದನ್ನು ೧೮೯೫ರಲ್ಲಿ ಜರ್ಮನಿಯ ಫಾಪ್ಲ್ ಗಣಿತದಿಂದ ತೋರಿಸಿದನು; ೧೯೧೯ರಲ್ಲಿ ಜೆಫ್‌ಕಾಟ್ ಕಂಪನವನ್ನು ಕುಂದಿಸುವ ಘರ್ಷಣೆಯನ್ನೂ ಲೆಕ್ಕಕ್ಕೆ ಸೇರಿಸಿ ವಿವರಿಸಿದನು. ಕಂಪನವು ಬೆಳೆಯಲು ಹಲವು ಸುತ್ತುಗಳ ಕಾಲ ಬೇಕು. ಆ ಅವಕಾಶವನ್ನು ಕೊಡದೆ ದಾಟುವುದೇ ಜಾಣತನ.

೧೯೮೫ರಲ್ಲಿ ಮೊದಲ ಘಟಕವು ಆರಂಭವಾದ ರಾಯಚೂರು ಉಷ್ಣ ವಿದ್ಯುತ್ ಕೇಂದ್ರದಂಥ ಸ್ಥಾವರಗಳಲ್ಲಿ ದೊಡ್ಡ ಟರ್ಬೈನುಗಳು ನಿಮಿಷಕ್ಕೆ ೩,೦೦೦ ಸುತ್ತು ತಿರುಗುತ್ತವೆ. ಇಂಥ ಯಂತ್ರಗಳ ಮೊದಲ ಕ್ರಾಂತಿಕ ವೇಗವು ಸಾಮಾನ್ಯವಾಗಿ ಅದಕ್ಕಿಂತ ಕೆಳಗಿರುತ್ತದೆ. ಆದ್ದರಿಂದ ಯಂತ್ರವನ್ನು ಚಾಲೂ ಮಾಡುವಾಗ ಕಂಪನಮಾಪಕದ ಮೇಲೆ ಕಣ್ಣಿಟ್ಟು, ಆ ವೇಗದಲ್ಲಿ ತಡೆದು ನಿಲ್ಲಿಸದೆ ಮುಂದಕ್ಕೆ ಒಯ್ಯುತ್ತಾರೆ. ಅಪಾಯವಿರುವುದು ಹೆಚ್ಚಿನ ವೇಗದಲ್ಲಲ್ಲ, ತಕ್ಕದಲ್ಲದ ವೇಗದಲ್ಲಿ ತಂಗುವುದರಲ್ಲಿ. ಯಂತ್ರದ ಬಳಿ ನಿಲ್ಲಲಿರುವ ವಿದ್ಯಾರ್ಥಿಗಳು ಇದನ್ನು ಮರೆಯಲಾಗದು.