ಹಾಲು ಸಾಲದೋ, ಲೆಕ್ಕ ತಪ್ಪಿದೆಯೋ: ಸೇಲಂ, ಧರ್ಮಪುರಿಯ ಕನ್ನಡ ಮನೆಗಳಲ್ಲಿ ಕೂಸಿನ ತೂಕ

ಸೇಲಂನ ದೇವಾಂಗ ನೇಕಾರರ ಕೇರಿಯಿರಲಿ, ಧರ್ಮಪುರಿ ಕಡೆಯ ಕಾವೇರಿ ದಂಡೆಯ ಹಳ್ಳಿಯಿರಲಿ, ಕನ್ನಡ ಮಾತಾಡುವ ಮನೆಗಳಲ್ಲಿ ಬಾಣಂತಿಯ ಮೇಲೆ ಬೇಗ ಬೀಳುವ ತೀರ್ಪು ಒಂದೇ: "ಹಾಲು ಸಾಲ್ತಿಲ್ಲ, ಅದಕ್ಕೇ ಕೂಸು ತೂಕ ಬರ್ತಿಲ್ಲ." ಇದರಲ್ಲಿ ಎರಡು ಮಾತಿವೆ. ಎರಡನ್ನೂ ಪರೀಕ್ಷಿಸದೆ ಬಾಟಲಿಗೆ ಕೈ ಹಾಕಬಾರದು ಅನ್ನೋದು ನನ್ನ ವಾದ.

ಮೊದಲು ತೂಕ. ಹುಟ್ಟಿದ ಮೊದಲ ದಿನಗಳಲ್ಲಿ ಬಹುತೇಕ ಎಲ್ಲ ಕೂಸುಗಳೂ ಸ್ವಲ್ಪ ಇಳಿಯುತ್ತವೆ. ನೂರಕ್ಕೆ 7ರಷ್ಟು ಇಳಿದರೆ ಸಹಜ. 10 ದಾಟಿದರೆ ವೈದ್ಯರು ನೋಡಲೇಬೇಕು. ಎರಡು ವಾರದ ಹೊತ್ತಿಗೆ ಹುಟ್ಟಿದ ತೂಕಕ್ಕೆ ಮರಳಬೇಕು. ಆಮೇಲೆ ಮೂರು ತಿಂಗಳವರೆಗೆ ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರುತ್ತೆ. ಒಂದು ಲೆಕ್ಕ ಹಾಕೋಣ. ಕೂಸು 2.8 ಕಿಲೋ ಇತ್ತು, ನಾಲ್ಕನೇ ದಿನ 2.6 ಆಯ್ತು, ಮೂವತ್ತನೇ ದಿನ 3.4. ಅತ್ತೆ ಎಣಿಸೋದು 600 ಗ್ರಾಂ. ನಿಜವಾಗಿ ಏರಿದ್ದು 26 ದಿನದಲ್ಲಿ 800 ಗ್ರಾಂ, ಅಂದರೆ ದಿನಕ್ಕೆ ಸುಮಾರು 31 ಗ್ರಾಂ! ಆಸ್ಪತ್ರೆಯ ತಕ್ಕಡಿ ಒಂದು, ಊರಿನ ನರ್ಸಮ್ಮನ ತೂಗುತಕ್ಕಡಿ ಇನ್ನೊಂದು, ಮೈಮೇಲೆ ಬಟ್ಟೆ ಬೇರೆ. ಹೀಗಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ಅಳತೆಗೋಲೂ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ತಂದ ಬೆಳವಣಿಗೆಯ ಪಟ್ಟಿ ಎದೆಹಾಲು ಕುಡಿದ ಮಕ್ಕಳನ್ನೇ ಆಧರಿಸಿದ್ದು. ಆರು ದೇಶಗಳ ಆ ಅಧ್ಯಯನದಲ್ಲಿ ದೆಹಲಿಯ ಮಕ್ಕಳೂ ಇದ್ದರು. ಅದಕ್ಕಿಂತ ಹಿಂದಿನ ಪಟ್ಟಿಗೆ ಆಧಾರ ಬಹುಪಾಲು ಪುಡಿಹಾಲು ಕುಡಿದ ಅಮೆರಿಕದ ಮಕ್ಕಳು. ಅದರಲ್ಲಿ ನಮ್ಮ ಆರೋಗ್ಯವಂತ ಕೂಸೂ ಮೂರ್ನಾಲ್ಕು ತಿಂಗಳಾದ ಮೇಲೆ ಹಿಂದೆ ಬಿದ್ದಂತೆ ಕಾಣ್ತಿತ್ತು.

ಇನ್ನು ಹಾಲು. ಕೂಸು ಎಳೆದಷ್ಟೂ ಹಾಲು ಊರುತ್ತೆ. ಆದ್ದರಿಂದ ಕೇಳಬೇಕಾದ್ದು ಹಾಲು ಇದೆಯಾ ಅಂತಲ್ಲ, ಬಾಯಿಗೆ ಇಳೀತಿದೆಯಾ ಅಂತ. ಬಾಯಿ ಅಗಲವಾಗಿ ತೆರೆದು, ಕೆಳತುಟಿ ಹೊರಮಡಚಿ, ಗಲ್ಲ ಎದೆಗೆ ತಾಗಿ, ತೊಟ್ಟಿನ ಜೊತೆ ಸುತ್ತಲಿನ ಕಪ್ಪು ಭಾಗವೂ ಬಾಯೊಳಗಿರಬೇಕು. ನುಂಗೋ ಸದ್ದು ಕೇಳಬೇಕು. ರಾತ್ರಿ ಸೇರಿ ದಿನಕ್ಕೆ 8ರಿಂದ 12 ಸಲ ಕುಡಿಸಬೇಕು. ಸಕ್ಕರೆ ನೀರು, ಜೇನು, ಬಜೆ ತೇಯ್ದದ್ದು ಇವೆಲ್ಲ ಹೊಟ್ಟೆಯ ಜಾಗ ತಿಂದು ಎಳೆಯೋದನ್ನ ಕಡಿಮೆ ಮಾಡ್ತವೆ. ಮೇಲಿಂದ ಕೊಡಲೇಬೇಕಾದರೆ ಹಿಂಡಿದ ತಾಯಿಹಾಲನ್ನೇ ಒಳಲೆಯಲ್ಲಿ ಕೊಡಬಹುದು. ತಮಿಳಿನ ನರ್ಸಮ್ಮ ಅದನ್ನ ಪಾಲಾಡೈ ಅಂತಾರೆ. ಸಾಧನ ಒಂದೇ, ಹೆಸರು ಎರಡು; ಬಾಣಂತಿಗೆ ಅದನ್ನ ಬಿಡಿಸಿ ಹೇಳೋರು ಇರಬೇಕಷ್ಟೆ.

ಹಾಗಂತ ಎಲ್ಲಕ್ಕೂ "ಕಾದು ನೋಡೋಣ" ಅನ್ನೋಕಾಗಲ್ಲ. ಹೆಣ್ಣು ಶಿಶುಗಳನ್ನು ಉಳಿಸೋಕೆ 1992ರಲ್ಲಿ ತೊಟ್ಟಿಲು ಯೋಜನೆ ಶುರುವಾದದ್ದು ಇದೇ ಸೇಲಂನಲ್ಲಿ. ಅಂಥ ನೆಲದಲ್ಲಿ "ಹೆಣ್ಣುಕೂಸು, ಸಣ್ಣಗೇ ಇರುತ್ತೆ ಬಿಡಿ" ಅನ್ನೋ ಮಾತನ್ನ ನಾನಂತೂ ಒಪ್ಪಲ್ಲ. ಎರಡು ವಾರವಾದರೂ ಹುಟ್ಟಿದ ತೂಕ ಮರಳದಿದ್ದರೆ, ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವೂ ಉಚ್ಚೆ ಹೊಯ್ಯದಿದ್ದರೆ, ಎಬ್ಬಿಸಿದರೂ ಎದ್ದು ಕುಡಿಯದಿದ್ದರೆ, ಗಂಡಾಗಲಿ ಹೆಣ್ಣಾಗಲಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು.