ಟೈಲ್ಸ್‌ಗೆ ಮುನ್ನ ಅಡುಗೆಮನೆಯ ನೆಲ

ಹಳೆಯ ಅಡುಗೆಮನೆಯ ನೆಲ ತಗ್ಗುದಿಣ್ಣೆಯಾಗಲು ಹಲವು ಕಾರಣಗಳಿವೆ. ತಳಪಾಯದ ಗೋಡೆಗಳ ನಡುವೆ ತುಂಬಿದ ಮಣ್ಣಿಗೆ ನೀರುಣಿಸಿ ದಮ್ಮಸು ಮಾಡದಿದ್ದರೆ ವರ್ಷಗಳು ಕಳೆದಂತೆ ಅದು ಕುಗ್ಗುತ್ತದೆ. ಮೇಲಿನ ಗಾರೆಯೂ ಇಳಿದು ಬಿರಿಯುತ್ತದೆ. ಕೊಳವೆ ಸೋರಿ ಅಡಿಯ ಮಣ್ಣು ಕೊಚ್ಚಿಹೋಗಿರಬಹುದು. ನೆಲದಲ್ಲಿ ಹೂತಿದ್ದ ಒರಳುಕಲ್ಲನ್ನು ಕಿತ್ತು, ಆ ಗುಂಡಿಯನ್ನು ಇಟ್ಟಿಗೆ ಚೂರಿನಿಂದ ಮುಚ್ಚಿದ ಮನೆಗಳೂ ಉಂಟು. ಮಣ್ಣು ಇನ್ನೂ ಇಳಿಯುತ್ತಿದ್ದರೆ ಎಷ್ಟು ಒಳ್ಳೆಯ ಟೈಲ್ಸ್ ಹಾಕಿದರೂ ಬಿರುಕು ಮೇಲೆ ಬರುತ್ತದೆ. ಅಂಥಲ್ಲಿ ನೆಲ ಅಗೆದು, ಮತ್ತೆ ದಮ್ಮಸು ಮಾಡಿ, ಕಾಂಕ್ರೀಟ್ ಹಾಕದೆ ಬೇರೆ ದಾರಿಯಿಲ್ಲ.

ನೆಲ ವಾಟವಾಗಿರುವುದು ಬೇರೆ, ಏರುಪೇರಾಗಿರುವುದು ಬೇರೆ. ನೀರಿನ ಕಿಂಡಿಯ ಕಡೆಗೆ ಮೀಟರಿಗೆ ಸುಮಾರು 10 ಮಿ.ಮೀ. ವಾಟ ಬೇಕೇ ಬೇಕು. ನಡುವೆ ಉಬ್ಬುತಗ್ಗು ಮಾತ್ರ ಇರಬಾರದು. ಆರಡಿಯ ನೇರ ಅಲ್ಯೂಮಿನಿಯಂ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ನೋಡಿ, ಅಡಿಯಲ್ಲಿ 3 ಮಿ.ಮೀ.ಗಿಂತ ಹೆಚ್ಚು ಸಂದು ಕಂಡ ಕಡೆ ಸೀಮೆಸುಣ್ಣದ ಗುರುತು ಹಾಕುತ್ತಾರೆ. ಟೈಲ್ಸ್ ದೊಡ್ಡದಾದಷ್ಟೂ ಈ ಲೆಕ್ಕ ಬಿಗಿಯಾಗುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಟೊಳ್ಳು ಸದ್ದು ಬಂದ ಗಾರೆಯನ್ನು ಕಿತ್ತುಹಾಕಬೇಕು.

ಗಟ್ಟಿಯಾಗಿರುವ ಹಳೆಯ ನೆಲವನ್ನು ಉಳಿಸಿಕೊಂಡು ಮೇಲೆಯೇ ಕೆಲಸ ಮಾಡಬಹುದು. ಆದರೆ ಎತ್ತರದ ಲೆಕ್ಕವನ್ನು ಹಲವರು ಮರೆಯುತ್ತಾರೆ. ಗಾರೆ, ಟೈಲ್ಸ್ ಸೇರಿ ನೆಲ ಒಂದೂವರೆ ಇಂಚು ಏರಿದರೆ ಬಾಗಿಲು ಉಜ್ಜುತ್ತದೆ, ಅಡುಗೆ ಕಟ್ಟೆ ಅಷ್ಟೇ ತಗ್ಗಿದಂತಾಗಿ ನಿಂತು ಅಡುಗೆ ಮಾಡುವವರ ಬೆನ್ನು ಬಾಗುತ್ತದೆ. ಮಹಡಿಯ ಮನೆಯಲ್ಲಿ ಭಾರವನ್ನೂ ನೋಡಬೇಕು: 25 ಮಿ.ಮೀ. ದಪ್ಪದ ಗಾರೆ ಚದರ ಮೀಟರಿಗೆ ಸುಮಾರು 50 ಕೆ.ಜಿ. ತೂಗುತ್ತದೆ.

ರೆಡ್ ಆಕ್ಸೈಡ್ ನೆಲದ ನುಣುಪು ಹೊಸ ಗಾರೆಗೆ ಶತ್ರು. ಜೊತೆಗೆ ಒಲೆಯ ಸುತ್ತ ವರ್ಷಗಟ್ಟಲೆ ಎಣ್ಣೆ ಇಳಿದಿರುತ್ತದೆ. ಸೋಪಿನ ನೀರಿನಲ್ಲಿ ಉಜ್ಜಿ ಜಿಡ್ಡು ತೆಗೆದು, ಉಳಿಯಿಂದ ಒತ್ತೊತ್ತಾಗಿ ಕಚ್ಚು ಹೊಡೆದು, ಧೂಳನ್ನು ಪೂರ್ತಿ ಗುಡಿಸಿ ತೊಳೆಯಬೇಕು. ಧೂಳಿನ ಮೇಲೆ ಏನೂ ಅಂಟುವುದಿಲ್ಲ.

ಮುಂದಿನ ಕ್ರಮ ತಗ್ಗಿನ ಆಳವನ್ನು ಅವಲಂಬಿಸುತ್ತದೆ. ಇಂಚಿನಷ್ಟು ಆಳವಿದ್ದರೆ ನೆಲವನ್ನು ನೆನೆಸಿ, ಸಿಮೆಂಟ್ ಹಾಲು ಬಳಿದು, ಅದು ಒಣಗುವ ಮೊದಲೇ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ ಗಾರೆ ಹಾಕಿ ಪಟ್ಟಿ ಎಳೆಯುತ್ತಾರೆ. ಕೆಲವೇ ಮಿಲಿಮೀಟರ್ ಆದರೆ ಪ್ರೈಮರ್ ಹಚ್ಚಿ, ತಾನೇ ಹರಿದು ಮಟ್ಟವಾಗುವ ಸಿದ್ಧ ಮಿಶ್ರಣ ಸುರಿಯಬಹುದು. ವಾಟ ಬೇಕಾದ ಕಡೆ ಇದು ಸಲ್ಲದು. ತಗ್ಗಿಗೆ ಟೈಲ್ಸ್ ಅಂಟನ್ನೇ ದಪ್ಪಗೆ ತುಂಬುವುದು ಕೆಟ್ಟ ಅಭ್ಯಾಸ. ಸಾಮಾನ್ಯ ಅಂಟು ತೆಳು ಪದರಕ್ಕೆಂದೇ ತಯಾರಾದದ್ದು, ದಪ್ಪವಾದರೆ ಒಣಗುವಾಗ ಕುಗ್ಗಿ ಟೈಲ್ಸ್ ತಗ್ಗುತ್ತದೆ.

ಹೊಸ ಗಾರೆಗೆ ಕನಿಷ್ಠ ಏಳು ದಿನ ನೀರುಣಿಸಬೇಕು. ಅಂಟಿನಲ್ಲಿ ಟೈಲ್ಸ್ ಕೂರಿಸುವುದಾದರೆ ಆಮೇಲೆ ಚೆನ್ನಾಗಿ ಒಣಗಲೂ ಬಿಡಬೇಕು. ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ನೆಲಕ್ಕೆ ಟೇಪಿನಿಂದ ಅಂಟಿಸಿ ಒಂದು ಹಗಲು, ಒಂದು ರಾತ್ರಿ ಬಿಟ್ಟಾಗ ಒಳಮೈಯಲ್ಲಿ ಹನಿ ಕಟ್ಟಿದ್ದರೆ ತೇವ ಇನ್ನೂ ಆರಿಲ್ಲ. ಆರಿದ ಮೇಲೆ ಪಟ್ಟಿಯನ್ನು ಮತ್ತೊಮ್ಮೆ ಆಡಿಸಿ, ಕಿಂಡಿಯಿಂದ ದೂರದ ಮೂಲೆಯಲ್ಲಿ ಒಂದು ಚೊಂಬು ನೀರು ಸುರಿದು ಅದು ನಿಲ್ಲದೆ ಹರಿಯುವುದನ್ನು ಖಚಿತಪಡಿಸಿಕೊಳ್ಳುತ್ತಾರೆ.