ಕಿಟಕಿಯ ಪರದೆ: ಬಿಸಿಲು ಮತ್ತು ಮರೆ

ಕಿಟಕಿಯಿಂದ ನಾವು ಬಯಸುವುದು ಒಂದಕ್ಕೊಂದು ವಿರುದ್ಧವಾದ ಸಂಗತಿಗಳನ್ನು. ಬೆಳಕು ಬರಬೇಕು, ಬಿಸಿಲು ಬರಬಾರದು. ನಮಗೆ ಬೀದಿ ಕಾಣಬೇಕು, ಬೀದಿಯವರಿಗೆ ನಾವು ಕಾಣಬಾರದು. ಸಂಡೂರು, ಹೊಸಪೇಟೆ, ಕಂಪ್ಲಿಗಳ ಬೇಸಗೆಯಲ್ಲಿ ಈ ತೊಡಕನ್ನು ಎಷ್ಟೋ ಮನೆಗಳವರು ಕಿಟಕಿಯ ಬಾಗಿಲನ್ನೇ ಮುಚ್ಚಿ ಬಿಡಿಸಿಕೊಳ್ಳುತ್ತಾರೆ. ಆಗ ಕೋಣೆಗೆ ಗಾಳಿಯಿಲ್ಲ. ಓದುವ ಮಕ್ಕಳಿಗೆ ಹಗಲಿನಲ್ಲೂ ದೀಪ ಬೇಕು. ಕಿಟಕಿಗೆ ಓರೆ ಮಾಡಬಹುದಾದ ಅಡ್ಡಪಟ್ಟಿಗಳ ಪರದೆಯನ್ನೋ ಬಿದಿರುಕಡ್ಡಿಯ ಪರದೆಯನ್ನೋ ತೂಗುಹಾಕಿ, ಹೊತ್ತಿಗೆ ತಕ್ಕಂತೆ ಹೊಂದಿಸಿದರೆ ಈ ಕಷ್ಟ ತಪ್ಪುತ್ತದೆ. ಹೊಂದಿಸುವ ಬಗೆಯನ್ನು ಬೆಳಕಿನ ಕೆಲವು ಸರಳ ನಿಯಮಗಳಿಂದಲೇ ತಿಳಿಯಬಹುದು.

ಮೊದಲು ಸೂರ್ಯನ ದಾರಿಯನ್ನು ನೋಡೋಣ. ಸಂಡೂರು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ತಿಂಗಳ ಆದಿಯಲ್ಲಿಯೂ ಆಗಸ್ಟ್ ತಿಂಗಳ ಎರಡನೆಯ ವಾರದಲ್ಲಿಯೂ ಇಲ್ಲಿ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಡಿಸೆಂಬರ್ 22ರ ಸುಮಾರಿಗೆ ಅವನು ದಕ್ಷಿಣಕ್ಕೆ ಸರಿದಿದ್ದರೂ ನಡುಹಗಲಿನಲ್ಲಿ ದಿಗಂತದಿಂದ 51 ಡಿಗ್ರಿಗೂ ಹೆಚ್ಚು ಎತ್ತರದಲ್ಲಿರುತ್ತಾನೆ. ಆದುದರಿಂದ ಉರಿಬಿಸಿಲಿನ ನಡುಹಗಲು ಕಿಟಕಿಗಳ ಶತ್ರುವಲ್ಲ. ಅಷ್ಟು ಮೇಲಿನ ಸೂರ್ಯನನ್ನು ಕಿಟಕಿಯ ಮೇಲಿನ ಸಜ್ಜವೇ ತಡೆದೀತು. ನಿಜವಾದ ತೊಂದರೆ ಪಡುವಣ ಕಿಟಕಿಗೆ. ಮಾರ್ಚ್ 21ರಂದು, ನಮ್ಮ ಗಡಿಯಾರದಲ್ಲಿ ಸಂಜೆ ನಾಲ್ಕೂವರೆಯ ಹೊತ್ತಿಗೆ, ಸೂರ್ಯನ ಎತ್ತರ 29 ಡಿಗ್ರಿ ಮಾತ್ರ. ಆಗ ಕಿರಣಗಳು ಸಜ್ಜದ ಕೆಳಗೆ ನುಸುಳಿ ಕೋಣೆಯ ಒಳಗೋಡೆಯವರೆಗೂ ಹೋಗುತ್ತವೆ.

ಇಲ್ಲಿ ಅಡ್ಡಪಟ್ಟಿಗಳು ನೆರವಿಗೆ ಬರುತ್ತವೆ. ಪ್ರತಿಯೊಂದು ಪಟ್ಟಿಯೂ ಒಂದು ಪುಟ್ಟ ಸಜ್ಜವೇ. ಪಟ್ಟಿಯ ಅಗಲವೂ ಎರಡು ಪಟ್ಟಿಗಳ ನಡುವಣ ಅಂತರವೂ ಸಮವಾಗಿವೆ ಎಂದಿಟ್ಟುಕೊಳ್ಳೋಣ. ಪಟ್ಟಿಗಳು ಮಟ್ಟಸವಾಗಿದ್ದರೆ, ಕಿಟಕಿಗೆ ನೇರ ಎದುರಿನಿಂದ 45 ಡಿಗ್ರಿಗಿಂತ ಮೇಲಿರುವ ಸೂರ್ಯನ ಒಂದು ಕಿರಣವೂ ಒಳಗೆ ಬಾರದು. ಸೂರ್ಯ ಇನ್ನೂ ಇಳಿದಾಗ ಪಟ್ಟಿಯ ಹೊರ ಅಂಚನ್ನು ಕೆಳಕ್ಕೆ ಬಾಗಿಸಬೇಕು. ಎಷ್ಟು ಬಾಗಿಸಬೇಕೆಂಬ ಲೆಕ್ಕ ಸುಲಭ: ಸೂರ್ಯನ ಎತ್ತರವನ್ನು ಇಮ್ಮಡಿಸಿ 90ರಿಂದ ಕಳೆಯಿರಿ. ಎತ್ತರ 30 ಡಿಗ್ರಿಯಾದರೆ ಓರೆಯೂ 30 ಡಿಗ್ರಿ. ಎತ್ತರ 15 ಆದರೆ ಓರೆ 60. ರೇಖಾಗಣಿತ ಬಲ್ಲ ವಿದ್ಯಾರ್ಥಿಗಳು ಎರಡು ಪಟ್ಟಿಗಳನ್ನೂ ಒಂದು ಕಿರಣವನ್ನೂ ಗೆರೆಹಾಳೆಯ ಮೇಲೆ ಬರೆದು ಇದನ್ನು ತಾವೇ ಸಾಧಿಸಬಹುದು. ಹೀಗೆ ಓರೆಯಾದ ಪಟ್ಟಿಗಳ ಸಂದಿನಿಂದ ನೆಲದ ಮೇಲೆ ಚೆದರಿದ ಬೆಳಕು ಮೇಲ್ಮುಖವಾಗಿ ಬಂದು ಚಾವಣಿಯನ್ನು ಬೆಳಗುತ್ತದೆ. ಬಿಸಿಲು ಹೊರಗುಳಿದು ಬೆಳಕು ಒಳಬಂದಂತಾಯಿತು.

ಆದರೆ ಪಟ್ಟಿಗಳನ್ನು 30 ಡಿಗ್ರಿ ಬಾಗಿಸಿದರೂ, ಸಮಮಟ್ಟದಲ್ಲಿ ನಿಂತು ನೋಡುವವನಿಗೆ ಸಂದಿನ ಅರ್ಧಭಾಗ ತೆರೆದೇ ಇರುತ್ತದೆ. ಬೆಳಕಿನ ದಾರಿ ಎರಡು ದಿಕ್ಕಿಗೂ ಒಂದೇ. ನಾವು ಅವನನ್ನು ಕಾಣುವ ಸಂದಿನಿಂದ ಅವನೂ ನಮ್ಮನ್ನು ಕಾಣಬೇಕಷ್ಟೆ. ಹಾಗಿದ್ದರೂ ಹಗಲಿನಲ್ಲಿ ಅವನಿಗೆ ನಾವು ಕಾಣುವುದಿಲ್ಲ. ಅದೆಂತು?

ಬಯಲಿನ ಬಿಸಿಲಿನಲ್ಲಿ ಬೆಳಕಿನ ಪ್ರಮಾಣ ಸುಮಾರು 1,00,000 ಲಕ್ಸ್. ಕೋಣೆಯೊಳಗೆ ಕೆಲವು ನೂರು ಲಕ್ಸ್ ಮಾತ್ರ. ಹೊರಗಿನವನ ಕಣ್ಣಿಗೆ ಪರದೆಯ ಹೊರಮೈ ಚೆದರಿಸಿದ ಪ್ರಖರ ಬೆಳಕು ತುಂಬುತ್ತದೆ. ಒಳಗಿನಿಂದ ಬರುವ ಅಲ್ಪ ಬೆಳಕು ಅದರಲ್ಲಿ ಮುಳುಗಿಹೋಗುತ್ತದೆ. ಒಳಗಿನವರಿಗಾದರೋ ಪರದೆಯ ಒಳಮೈ ಮಂಕು, ಅದರ ಸಂದುಗಳಾಚೆಯ ಬೀದಿ ಉಜ್ಜ್ವಲ. ಮರೆ ಹುಟ್ಟುವುದು ಪರದೆಯಿಂದ ಮಾತ್ರವಲ್ಲ, ಎರಡು ಬದಿಯ ಬೆಳಕಿನ ಅಂತರದಿಂದ. ಐಹೊಳೆಯ ದುರ್ಗ ಗುಡಿಯ ಕಲ್ಲಿನ ಜಾಲಂಧ್ರಗಳನ್ನು ಹಗಲಿನಲ್ಲಿ ಹೊರಗಿನಿಂದ ನೋಡಿದರೆ ರಂಧ್ರಗಳೆಲ್ಲ ಕಪ್ಪಾಗಿ ಕಾಣುತ್ತವೆ. ಜಯಪುರದಲ್ಲಿ 1799ರಲ್ಲಿ ಕಟ್ಟಿದ ಹವಾ ಮಹಲಿನ ಜಾಲರಿಗಳ ಹಿಂದೆ ನಿಂತು ಅರಮನೆಯ ಸ್ತ್ರೀಯರು ಬೀದಿಯನ್ನು ನೋಡುತ್ತಿದ್ದುದೂ ಇದೇ ನಿಯಮದ ಬಲದಿಂದ.

ಈ ನಿಯಮ ದೀಪ ಹಚ್ಚುವ ಹೊತ್ತಿಗೆ ತಲೆಕೆಳಗಾಗುತ್ತದೆ. ಕೋಣೆಯಲ್ಲಿ ನೂರು ಲಕ್ಸ್, ಬೀದಿಯಲ್ಲಿ ಕೆಲವೇ ಲಕ್ಸ್. ಹಗಲೆಲ್ಲ ಮರೆಯಾಗಿದ್ದ ಬಿದಿರಿನ ಪರದೆ ಈಗ ಬೆಳಕಿನ ಚೌಕಟ್ಟು. ಒಳಗಿನವರ ಪ್ರತಿಯೊಂದು ಚಲನೆಯೂ ಹೊರಗಿನವರಿಗೆ ಸ್ಪಷ್ಟ. ಒಳಗಿನವರಿಗೆ ಇದರ ಅರಿವೇ ಇರುವುದಿಲ್ಲ, ಏಕೆಂದರೆ ಅವರಿಗೆ ಹೊರಗೆಲ್ಲ ಕತ್ತಲೆ. ಆದುದರಿಂದ ದೀಪ ಹಚ್ಚುವ ಮೊದಲೇ ಪಟ್ಟಿಗಳನ್ನು ಪೂರ್ಣ ಮುಚ್ಚಬೇಕು. ಬಿದಿರಿನ ಪರದೆಯಾದರೆ ಅದರ ಹಿಂದೆ ದಪ್ಪ ಬಟ್ಟೆಯನ್ನು ಎಳೆಯಬೇಕು.

ಕೊನೆಯದಾಗಿ ಕಾವಿನ ವಿಚಾರ. ಗಾಜು ಸೂರ್ಯನ ಬೆಳಕನ್ನು ಒಳಬಿಡುತ್ತದೆ. ಆದರೆ ಕಾದ ವಸ್ತುಗಳು ಸೂಸುವ ದೀರ್ಘ ತರಂಗಗಳ ಅವಗೆಂಪು ಕಿರಣಗಳನ್ನು ಹೊರಬಿಡುವುದಿಲ್ಲ. ಗಾಜಿನ ಒಳಗೆ ತೂಗಿದ ಪರದೆ ಬಿಸಿಲನ್ನು ಹೀರಿ ಕಾದರೆ ಆ ಕಾವು ಬಹುಮಟ್ಟಿಗೆ ಕೋಣೆಯಲ್ಲೇ ಉಳಿಯುತ್ತದೆ. ಪರದೆ ಗಾಜಿನ ಹೊರಗಿದ್ದರೆ ಕಾವನ್ನು ಹೊರಗಿನ ಗಾಳಿ ಒಯ್ಯುತ್ತದೆ. ನಮ್ಮ ಹಿರಿಯರು ತಟ್ಟಿಯನ್ನು ಹೊರಗೆ ಕಟ್ಟುತ್ತಿದ್ದುದು ವಿವೇಕದ ಕೆಲಸ. ಲಾವಂಚದ ತಟ್ಟಿಗೆ ನೀರು ಚಿಮುಕಿಸಿದರೆ ಇನ್ನೂ ಲಾಭ: ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಉಷ್ಣವನ್ನು ಹೀರುತ್ತದೆ. ಬಳ್ಳಾರಿ ಸೀಮೆಯ ಒಣಹವೆಯಲ್ಲಿ ನೀರು ಬೇಗ ಆರುವುದರಿಂದ ಇಲ್ಲಿ ಅದು ಚೆನ್ನಾಗಿ ತಂಪೆರೆಯುತ್ತದೆ. ಕರಾವಳಿಯ ತೇವಹವೆಯಲ್ಲಿ ಅಷ್ಟು ಫಲವಿಲ್ಲ.

ಪರದೆಯನ್ನು ಒಳಗೇ ತೂಗಬೇಕಾಗಿದ್ದರೆ ಬಿಳಿಯದನ್ನು ಆರಿಸಿರಿ. ಅದು ಬೆಳಕಿನ ಬಹುಭಾಗವನ್ನು ಬೆಳಕಾಗಿಯೇ ಗಾಜಿನಾಚೆಗೆ ಹಿಂದಿರುಗಿಸುತ್ತದೆ. ಸಂಡೂರಿನವರು ಇನ್ನೊಂದನ್ನು ನೆನಪಿಡಬೇಕು. ಅದಿರಿನ ಕೆಂಧೂಳು ಕುಳಿತ ಬಿಳಿಯ ಪಟ್ಟಿ ಬಿಳಿಯದಾಗಿ ಉಳಿಯುವುದಿಲ್ಲ. ಹಿಂದಿರುಗಿಸಬೇಕಾದ ಬಿಸಿಲನ್ನು ಅದು ಹೀರತೊಡಗುತ್ತದೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿದರೆ ಕೋಣೆ ಚೊಕ್ಕಟವಾಗುವುದಷ್ಟೇ ಅಲ್ಲ, ತಂಪೂ ಆಗುತ್ತದೆ.